ಕಾರ್ಯಕ್ಷಮತಾ ಮಾಪನ ಡ್ರೈವರ್‌ಗಳ ಪರಿಶೀಲನೆ (ಲಿನಕ್ಸ್ ಕರ್ನಲ್)

ಕಾರ್ಯಕ್ಷಮತಾ ಮಾಪನ ಡ್ರೈವರ್‌ಗಳ ಪರಿಶೀಲನೆ ಎಂಬುದು ಲಿನಕ್ಸ್ ಕರ್ನಲ್‌ನ ಅಭಿವೃದ್ಧಿಯಲ್ಲಿ ನಡೆಯುವ ಕೋಡ್ ಪರಿಶೀಲನೆಯ ಒಂದು ವಿಶೇಷ ಬಗೆ. ಪ್ರೊಸೆಸರ್ ಮತ್ತು ಅದರ ಸುತ್ತಲಿನ ಯಂತ್ರಾಂಶದೊಳಗೆ ಘಟನೆಗಳನ್ನು ಎಣಿಸುವ ಕೌಂಟರ್‌ಗಳಿರುತ್ತವೆ. ಅವುಗಳನ್ನು ನಡೆಸುವ ಡ್ರೈವರನ್ನು ಕರ್ನಲ್‌ಗೆ ಸೇರಿಸಿಕೊಳ್ಳುವ ಮೊದಲು ಇತರ ಡೆವಲಪರ್‌ಗಳು ಸಾಲುಸಾಲಾಗಿ ಓದಿ, ಪ್ರಶ್ನಿಸಿ, ತಿದ್ದಿಸುತ್ತಾರೆ. ಇಂತಹ ಡ್ರೈವರ್‌ಗಳು ‘ಪರ್ಫ್’ ಎಂಬ ಉಪವ್ಯವಸ್ಥೆಯ ಅಡಿಯಲ್ಲಿ ಕೆಲಸ ಮಾಡುತ್ತವೆ.

ಬೇರೆ ಡ್ರೈವರ್‌ಗಳ ಪರಿಶೀಲನೆಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಧ್ವನಿಯ ಡ್ರೈವರಿನಲ್ಲಿ ದೋಷವಿದ್ದರೆ ಸದ್ದು ಕೇಳಿಸುವುದಿಲ್ಲ. ಡಿಸ್ಕಿನ ಡ್ರೈವರಿನಲ್ಲಿ ದೋಷವಿದ್ದರೆ ಕಡತ ತೆರೆದುಕೊಳ್ಳುವುದಿಲ್ಲ. ಎಣಿಕೆಯ ಡ್ರೈವರಿನಲ್ಲಿ ದೋಷವಿದ್ದರೆ ಬಳಕೆದಾರನಿಗೆ ಒಂದು ಸಂಖ್ಯೆ ಸಿಕ್ಕೇ ಸಿಗುತ್ತದೆ, ಆದರೆ ಅದು ತಪ್ಪು ಸಂಖ್ಯೆಯಾಗಿರುತ್ತದೆ. ಸರಿಯಾದ ಉತ್ತರ ಮೊದಲೇ ಗೊತ್ತಿದ್ದರೆ ಯಾರೂ ಅಳೆಯಲು ಹೋಗುತ್ತಿರಲಿಲ್ಲ. ಆದುದರಿಂದ ತಪ್ಪು ಸಂಖ್ಯೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಅಂತಹ ತಪ್ಪನ್ನು ಹಿಡಿಯಲು ಹಲವು ಸಲ ಪರಿಶೀಲನೆಯೇ ಮೊದಲ ಮತ್ತು ಕೊನೆಯ ಅವಕಾಶವಾಗಿರುತ್ತದೆ.

ಕೌಂಟರ್‌ಗಳು

ಆಧುನಿಕ ಪ್ರೊಸೆಸರ್‌ನ ಪ್ರತಿಯೊಂದು ಕೋರ್‌ನಲ್ಲಿಯೂ ಎಣಿಕೆಗೆಂದೇ ಮೀಸಲಾದ ಕೆಲವು ರಿಜಿಸ್ಟರ್‌ಗಳಿರುತ್ತವೆ. ಕಳೆದ ಗಡಿಯಾರದ ಆವರ್ತಗಳು, ಪೂರ್ಣಗೊಂಡ ಸೂಚನೆಗಳು, ಕ್ಯಾಶ್‌ನಲ್ಲಿ ಸಿಗದೆ ಮುಖ್ಯ ಮೆಮೊರಿಯವರೆಗೆ ಹೋಗಬೇಕಾಗಿ ಬಂದ ಓದುಗಳು, ಪ್ರೊಸೆಸರ್ ತಪ್ಪಾಗಿ ಊಹಿಸಿದ ಕವಲುಗಳು ಮುಂತಾದವುಗಳಲ್ಲಿ ಯಾವುದನ್ನು ಎಣಿಸಬೇಕೆಂದು ಒಂದು ನಿಯಂತ್ರಣ ರಿಜಿಸ್ಟರ್‌ನಲ್ಲಿ ಬರೆದರೆ, ಕೌಂಟರ್ ಅದನ್ನು ಎಣಿಸುತ್ತ ಹೋಗುತ್ತದೆ. ಎಣಿಸಬಹುದಾದ ಘಟನೆಗಳು ನೂರಾರು, ಕೌಂಟರ್‌ಗಳು ಮಾತ್ರ ಬೆರಳೆಣಿಕೆಯಷ್ಟು. ಆರ್ಮ್ ವಿನ್ಯಾಸವು 31 ಘಟನಾ ಕೌಂಟರ್‌ಗಳವರೆಗೆ ಅವಕಾಶ ಕೊಟ್ಟಿದ್ದರೂ ಕಾರ್ಟೆಕ್ಸ್ ಎ72ರಂತಹ ಕೋರ್‌ಗಳಲ್ಲಿ ಇರುವುದು ಆರು.

ಇಂಟೆಲ್ ಸಂಸ್ಥೆಯ 1993ರ ಪೆಂಟಿಯಂ ಪ್ರೊಸೆಸರ್‌ನಲ್ಲಿ ಇಂತಹ ಎರಡು ಕೌಂಟರ್‌ಗಳಿದ್ದವು. ಆದರೆ ಅವುಗಳ ವಿವರವನ್ನು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದವರಿಗಷ್ಟೇ ಕೊಡಲಾಗುತ್ತಿತ್ತು. ಟೆರ್ಯೆ ಮ್ಯಾಥಿಸೆನ್ ಎಂಬ ನಾರ್ವೆಯ ಪ್ರೋಗ್ರಾಮರ್ ಅವುಗಳನ್ನು ತಾವಾಗಿಯೇ ಶೋಧಿಸಿ 1994ರ ಜುಲೈ ತಿಂಗಳ ‘ಬೈಟ್’ ಪತ್ರಿಕೆಯಲ್ಲಿ ಬರೆದ ಮೇಲೆ ವಿಷಯ ಬಯಲಾಯಿತು. ದಾಖಲೆಯಿಲ್ಲದ ರಿಜಿಸ್ಟರ್‌ಗಳ ಸಮಸ್ಯೆ ಪೆಂಟಿಯಂ ಕಾಲಕ್ಕೇ ಮುಗಿದುಹೋಗಲಿಲ್ಲ ಎಂಬುದು ಮುಂದೆ ಕಂಡುಬರುತ್ತದೆ.

ಕೋರ್‌ನ ಹೊರಗೂ ಕೌಂಟರ್‌ಗಳಿವೆ. ಮೆಮೊರಿ ನಿಯಂತ್ರಕ, ಕೋರ್‌ಗಳನ್ನು ಜೋಡಿಸುವ ಆಂತರಿಕ ಜಾಲ, ಹಂಚಿಕೆಯ ಕ್ಯಾಶ್ ಮುಂತಾದವು ತಮ್ಮದೇ ಎಣಿಕೆಯನ್ನು ಇಟ್ಟುಕೊಳ್ಳುತ್ತವೆ. ಇವುಗಳನ್ನು ‘ಅನ್‌ಕೋರ್’ ಅಥವಾ ‘ಸಿಸ್ಟಂ’ ಕೌಂಟರ್‌ಗಳೆನ್ನುತ್ತಾರೆ. ಇಂದು ಪರಿಶೀಲನೆಗೆ ಬರುವ ಹೊಸ ಡ್ರೈವರ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಏಕೆಂದರೆ ಚಿಪ್ ತಯಾರಿಸುವ ಪ್ರತಿಯೊಂದು ಸಂಸ್ಥೆಯೂ ತನ್ನ ಜಾಲಕ್ಕೆ, ತನ್ನ ಮೆಮೊರಿ ನಿಯಂತ್ರಕಕ್ಕೆ ಬೇರೆಯೇ ಕೌಂಟರ್‌ಗಳನ್ನು ರಚಿಸುತ್ತದೆ.

ಪರ್ಫ್ ಉಪವ್ಯವಸ್ಥೆಯ ಉಗಮ

2002ರಲ್ಲಿ ‘ಓಪ್ರೊಫೈಲ್’ ಎಂಬ ವ್ಯವಸ್ಥೆ ಲಿನಕ್ಸ್ ಕರ್ನಲ್‌ಗೆ ಸೇರಿತು. ಅದೇ ಸುಮಾರಿಗೆ ಮಿಕಾಯೆಲ್ ಪೆಟರ್ಸನ್ ಅವರ ‘ಪರ್ಫ್‌ಸಿಟಿಆರ್’ ಹಾಗೂ ಸ್ಟೆಫಾನ್ ಎರಾನಿಯನ್ ಅವರ ‘ಪರ್ಫ್‌ಮಾನ್’ ಪ್ಯಾಚ್‌ಗಳು ಕರ್ನಲ್‌ನ ಹೊರಗೆ ಬೆಳೆಯುತ್ತಿದ್ದವು. ಪರ್ಫ್‌ಮಾನ್‌ನ ಎರಡನೆಯ ಆವೃತ್ತಿಯನ್ನು ಒಳಗೆ ಸೇರಿಸಲು ವರ್ಷಗಳ ಕಾಲ ಪ್ರಯತ್ನ ನಡೆಯಿತು. 2008ರ ಡಿಸೆಂಬರ್‌ನಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೊಲ್ನಾರ್ ಬೇರೊಂದು ವಿನ್ಯಾಸವನ್ನು ಮುಂದಿಟ್ಟರು. ಕೌಂಟರ್‌ಗಳ ಹಂಚಿಕೆಯನ್ನು ಬಳಕೆದಾರನ ಪ್ರೋಗ್ರಾಂಗೆ ಬಿಡದೆ ಕರ್ನಲ್ ತಾನೇ ನಿರ್ವಹಿಸಬೇಕೆಂಬುದು ಅದರ ತಿರುಳು. ಪೀಟರ್ ಝೈಲ್‌ಸ್ಟ್ರಾ ಮತ್ತು ಪಾಲ್ ಮೆಕೆರಾಸ್ ಮೊದಲಾದವರ ಕೊಡುಗೆಯೊಂದಿಗೆ ಅದು 2009ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 2.6.31 ಆವೃತ್ತಿಯಲ್ಲಿ ಸೇರಿತು. ಮುಂದಿನ ಆವೃತ್ತಿಯಲ್ಲಿ ‘ಪರ್ಫ್ ಈವೆಂಟ್ಸ್’ ಎಂಬ ಈಗಿನ ಹೆಸರು ಬಂತು. ಓಪ್ರೊಫೈಲ್‌ನ ಕರ್ನಲ್ ಭಾಗವನ್ನು 2021ರ 5.12 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು.

ಈ ಆಯ್ಕೆಯ ಪರಿಣಾಮವಾಗಿ, ಯಂತ್ರಾಂಶದ ಎಲ್ಲ ವಿಚಿತ್ರಗಳ ಹೊರೆಯೂ ಕರ್ನಲ್‌ನೊಳಗಿನ ಡ್ರೈವರಿನ ಹೆಗಲೇರಿತು. ಪರಿಶೀಲನೆ ಇಷ್ಟು ಕಟ್ಟುನಿಟ್ಟಾಗಿರಲು ಇದೂ ಒಂದು ಕಾರಣ.

ಡ್ರೈವರಿನ ಹೊಣೆ

ಬಳಕೆದಾರನ ಪ್ರೋಗ್ರಾಂ ‘ಪರ್ಫ್ ಈವೆಂಟ್ ಓಪನ್’ ಎಂಬ ಸಿಸ್ಟಂ ಕರೆಯ ಮೂಲಕ ಒಂದು ಎಣಿಕೆಯನ್ನು ಕೋರುತ್ತದೆ. ಆ ಕೋರಿಕೆಯಲ್ಲಿ 64 ಬಿಟ್‌ಗಳ ಒಂದು ಸಂರಚನಾ ಸಂಖ್ಯೆಯಿರುತ್ತದೆ. ಯಾವ ಘಟನೆಯನ್ನು ಎಣಿಸಬೇಕೆಂಬುದನ್ನು ಅದು ಸೂಚಿಸುತ್ತದೆ. ಪರ್ಫ್‌ನ ಮುಖ್ಯ ಭಾಗವು ಕೋರಿಕೆಯನ್ನು ಸಂಬಂಧಪಟ್ಟ ಡ್ರೈವರಿಗೆ ಒಪ್ಪಿಸುತ್ತದೆ. ಕೋರಿಕೆಯನ್ನು ಪರೀಕ್ಷಿಸುವುದು, ಕೌಂಟರನ್ನು ಹಂಚುವುದು, ಬಿಡುಗಡೆ ಮಾಡುವುದು, ಆರಂಭಿಸುವುದು, ನಿಲ್ಲಿಸುವುದು, ಓದುವುದು ಇವಿಷ್ಟೂ ಡ್ರೈವರ್ ಒದಗಿಸಬೇಕಾದ ಮುಖ್ಯ ಕಾರ್ಯಗಳು. ಕೆಲವು ನೂರು ಸಾಲುಗಳ ಡ್ರೈವರಾದರೂ ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಬಲೆಗಳಿವೆ.

ಕೋರಿಕೆಯ ನಿರಾಕರಣೆ

ಅನುಭವಿ ಪರಿಶೀಲಕರು ಮೊದಲು ಓದುವುದು ಕೋರಿಕೆಯನ್ನು ಪರೀಕ್ಷಿಸುವ ಭಾಗವನ್ನು. ಒಳ್ಳೆಯ ಡ್ರೈವರ್ ಏನನ್ನು ಎಣಿಸುತ್ತದೆ ಎಂಬುದಕ್ಕಿಂತ ಏನನ್ನು ಎಣಿಸಲು ಒಲ್ಲೆನೆನ್ನುತ್ತದೆ ಎಂಬುದು ಇಲ್ಲಿ ಮುಖ್ಯ.

ಉದಾಹರಣೆಗೆ, ಮೆಮೊರಿ ನಿಯಂತ್ರಕದ ಕೌಂಟರ್ ಇಡೀ ಚಿಪ್‌ಗೆ ಸೇರಿದ್ದು. ಯಾವ ಓದು ಯಾವ ಪ್ರೋಗ್ರಾಂನಿಂದ ಬಂತೆಂದು ಅದು ಬಲ್ಲುದಲ್ಲ. ಆದರೂ ಬಳಕೆದಾರನು ‘ಈ ಒಂದು ಪ್ರೋಗ್ರಾಂನ ಮೆಮೊರಿ ಓದುಗಳನ್ನು ಮಾತ್ರ ಎಣಿಸು’ ಎಂದು ಕೇಳಬಹುದು. ಡ್ರೈವರ್ ಅದನ್ನು ನಿರಾಕರಿಸದಿದ್ದರೆ, ಆ ಪ್ರೋಗ್ರಾಂ ಓಡುತ್ತಿದ್ದ ಹೊತ್ತಿನಲ್ಲಿ ಇಡೀ ಯಂತ್ರ ಮಾಡಿದ ಓದುಗಳೆಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ. ಹಾಗೆಯೇ ‘ಬಳಕೆದಾರ ಸ್ಥಿತಿಯಲ್ಲಿ ನಡೆದದ್ದನ್ನು ಮಾತ್ರ ಎಣಿಸು, ಕರ್ನಲ್‌ನಲ್ಲಿ ನಡೆದದ್ದು ಬೇಡ’ ಎಂಬ ಸೂಚನೆಯನ್ನು ಪಾಲಿಸಲಾರದ ಕೌಂಟರ್‌ನ ಡ್ರೈವರ್, ಅದನ್ನು ಕಂಡೂ ಕಾಣದಂತೆ ಎಲ್ಲವನ್ನೂ ಎಣಿಸಿ ಕೊಡಬಾರದು. ಈ ಕೊನೆಯ ತಪ್ಪು ಎಷ್ಟು ಡ್ರೈವರ್‌ಗಳಲ್ಲಿ ಮರುಕಳಿಸಿತೆಂದರೆ, ‘ನನಗೆ ಇಂತಹ ಬೇರ್ಪಡಿಸುವಿಕೆ ಬಾರದು’ ಎಂದು ಡ್ರೈವರ್ ಒಂದು ಗುರುತಿನ ಮೂಲಕ ಘೋಷಿಸಿದರೆ ಪರ್ಫ್‌ನ ಮುಖ್ಯ ಭಾಗವೇ ಕೋರಿಕೆಯನ್ನು ತಿರಸ್ಕರಿಸುವ ವ್ಯವಸ್ಥೆಯನ್ನು ನಂತರ ಮಾಡಲಾಯಿತು.

ನಿರಾಕರಣೆಯ ವಿಧಾನಕ್ಕೂ ನಿಯಮವಿದೆ. ಕೋರಿಕೆ ತನ್ನದಲ್ಲದಿದ್ದರೆ ಡ್ರೈವರ್ ‘ಇದು ಇಲ್ಲಿಲ್ಲ’ ಎಂಬ ನಿರ್ದಿಷ್ಟ ದೋಷಸಂಕೇತವನ್ನು ಹಿಂದಿರುಗಿಸಬೇಕು. ಆಗ ಪರ್ಫ್ ಮತ್ತೊಂದು ಡ್ರೈವರನ್ನು ಕೇಳಲು ಸಾಧ್ಯವಾಗುತ್ತದೆ. ಅದರ ಬದಲು ‘ಕೋರಿಕೆಯೇ ತಪ್ಪು’ ಎಂಬ ಸಂಕೇತ ಕೊಟ್ಟರೆ ಬೇರೆ ಡ್ರೈವರಿಗೆ ಸೇರಿದ ಕೋರಿಕೆಯೂ ಅಲ್ಲಿಯೇ ಸತ್ತುಹೋಗಬಹುದು. ಎರಡು ಪರೀಕ್ಷೆಗಳನ್ನು ಹಿಂದುಮುಂದು ಬರೆದರೆ ಸಾಕು, ತನಗೆ ಸಂಬಂಧವೇ ಇಲ್ಲದ ಕೌಂಟರನ್ನು ಒಂದು ಡ್ರೈವರ್ ಮುಚ್ಚಿಹಾಕಿರುತ್ತದೆ.

ಹಲವು ಘಟನೆಗಳನ್ನು ಒಂದೇ ಕಾಲಾವಧಿಯಲ್ಲಿ ಎಣಿಸಬೇಕಾದಾಗ ಬಳಕೆದಾರನು ಅವುಗಳನ್ನು ಒಂದು ಗುಂಪಾಗಿ ಕೇಳುತ್ತಾನೆ. ಪ್ರತಿ ಆವರ್ತಕ್ಕೆ ಎಷ್ಟು ಸೂಚನೆಗಳು ಪೂರ್ಣಗೊಂಡವು ಎಂಬಂತಹ ಅನುಪಾತಕ್ಕೆ ಅಂಶ ಮತ್ತು ಛೇದ ಎರಡೂ ಒಂದೇ ಅವಧಿಯವಾಗಿರಬೇಕಷ್ಟೆ. ನಾಲ್ಕು ಕೌಂಟರ್‌ಗಳಿರುವಲ್ಲಿ ಐದು ಘಟನೆಗಳ ಗುಂಪನ್ನು ಡ್ರೈವರ್ ಒಪ್ಪಿಕೊಂಡರೆ ಆ ಗುಂಪಿಗೆ ಎಂದೂ ಸರದಿ ಬರುವುದಿಲ್ಲ. ಆದುದರಿಂದ ಗುಂಪಿನ ಎಲ್ಲ ಸದಸ್ಯರನ್ನೂ ಒಮ್ಮೆಗೆ ಕೂರಿಸಲು ಸಾಧ್ಯವೇ ಎಂದು ಕೋರಿಕೆಯ ಹಂತದಲ್ಲಿಯೇ ಲೆಕ್ಕ ಹಾಕಬೇಕು. ಹೊಸ ಡ್ರೈವರಿನ ಮೊದಲ ಆವೃತ್ತಿಯಲ್ಲಿ ಈ ಲೆಕ್ಕ ಬಿಟ್ಟುಹೋಗಿರುವುದು ಸಾಮಾನ್ಯ.

ಎಣಿಕೆ ಉರುಳುವುದು

ಮನೆಗೆ ಬರುವ ವಿದ್ಯುತ್ ಮೀಟರ್ ಓದುಗರು ಮೀಟರನ್ನು ಸೊನ್ನೆಗೆ ತಿರುಗಿಸಿ ಹೋಗುವುದಿಲ್ಲ. ಹಿಂದಿನ ತಿಂಗಳ ಅಂಕಿಯನ್ನು ಈ ತಿಂಗಳ ಅಂಕಿಯಿಂದ ಕಳೆದು ಬಿಲ್ ಬರೆಯುತ್ತಾರೆ. ಕೌಂಟರ್‌ನ ಡ್ರೈವರ್ ಮಾಡುವುದೂ ಇದನ್ನೇ. ಮೀಟರ್‌ನ ಅಂಕಿಗಳು 99999 ದಾಟಿ ಮತ್ತೆ ಸೊನ್ನೆಯಿಂದ ಶುರುವಾದರೆ ಒಂದು ಸುತ್ತಿನವರೆಗೆ ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದು. ಎರಡು ಭೇಟಿಗಳ ನಡುವೆ ಮೀಟರ್ ಎರಡು ಸುತ್ತು ಹಾಕಿದ್ದರೆ ಅದನ್ನು ತಿಳಿಯುವ ಉಪಾಯವೇ ಇಲ್ಲ.

ಹಾಗಾಗಿ ಕೌಂಟರ್ ಎಷ್ಟು ಬಿಟ್ ಅಗಲದ್ದು, ಎಷ್ಟು ವೇಗವಾಗಿ ತುಂಬುತ್ತದೆ ಎಂಬುದು ಪರಿಶೀಲಕನ ಮೊದಲ ಲೆಕ್ಕ. 3 ಗಿಗಾಹರ್ಟ್ಸ್ ವೇಗದಲ್ಲಿ ಆವರ್ತಗಳನ್ನು ಎಣಿಸುವ 32 ಬಿಟ್ ಕೌಂಟರ್ ಸುಮಾರು 1.43 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ಅದೇ ವೇಗದಲ್ಲಿ 48 ಬಿಟ್ ಕೌಂಟರ್ ಸುತ್ತು ಹಾಕಲು 26 ಗಂಟೆ ಬೇಕು. ಮೊದಲನೆಯದರಲ್ಲಿ ತಪ್ಪು ಸೆಕೆಂಡುಗಳಲ್ಲಿ ಕಾಣುತ್ತದೆ. ಎರಡನೆಯದರಲ್ಲಿ ಬರೆದವನ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿ, ದಿನಗಟ್ಟಲೆ ಅಳೆಯುವ ಯಾರದೋ ಸರ್ವರ್‌ನಲ್ಲಿ ಮಾತ್ರ ಕೆಡುತ್ತದೆ.

ಸುತ್ತು ಮುಗಿದಾಗ ಇಂಟರಪ್ಟ್ ಕಳುಹಿಸುವ ಕೌಂಟರ್‌ಗಳಲ್ಲಿ ಡ್ರೈವರ್ ಸಾಮಾನ್ಯವಾಗಿ ಅರ್ಧ ಸುತ್ತಿಗಷ್ಟೇ ಜಾಗ ಉಳಿಯುವಂತೆ ಆರಂಭದ ಬೆಲೆಯನ್ನು ಬರೆಯುತ್ತದೆ. ಇಂಟರಪ್ಟ್ ತಡವಾಗಿ ತಲುಪಿದರೂ ಇನ್ನರ್ಧ ಸುತ್ತಿನಷ್ಟು ಬಿಡುವು ಇರಲಿ ಎಂಬುದು ಇದರ ಉದ್ದೇಶ. ಇಂಟರಪ್ಟ್ ಇಲ್ಲದ ಕೌಂಟರ್‌ಗಳನ್ನು ಟೈಮರ್ ಇಟ್ಟು ಆಗಾಗ ಓದಬೇಕು. ಇಂಟೆಲ್‌ನ ಅನ್‌ಕೋರ್ ಡ್ರೈವರ್ ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ಓದುತ್ತದೆ. ಆದರೆ ಅದೇ ಡ್ರೈವರ್ ಮೇಜಿನ ಕಂಪ್ಯೂಟರ್ ಮತ್ತು ಲ್ಯಾಪ್‌ಟಾಪ್‌ಗಳ ಮೆಮೊರಿ ನಿಯಂತ್ರಕದ 32 ಬಿಟ್ ಕೌಂಟರ್‌ಗಳನ್ನು 5 ಸೆಕೆಂಡಿಗೊಮ್ಮೆ ಓದುತ್ತದೆ. ಕಾರಣವನ್ನು ಕಾಗದದ ಮೇಲೆಯೇ ಹಾಕಿನೋಡಬಹುದು. ಪ್ರತಿ ಎಣಿಕೆಯೂ 64 ಬೈಟ್‌ಗಳ ಒಂದು ವರ್ಗಾವಣೆ ಎಂದಾದರೆ 32 ಬಿಟ್‌ಗಳ ಒಂದು ಪೂರ್ಣ ಸುತ್ತು ಸುಮಾರು 275 ಗಿಗಾಬೈಟ್. ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸುವ ಮೆಮೊರಿಯಲ್ಲಿ ಅದು 10.7 ಸೆಕೆಂಡಿಗೆ ಮುಗಿಯುತ್ತದೆ. 60 ಸೆಕೆಂಡಿನ ಟೈಮರನ್ನೇ ಇಲ್ಲಿಯೂ ಬಳಸಿದ್ದರೆ, ಯಂತ್ರ ತುಂಬಾ ದುಡಿಯುತ್ತಿರುವಾಗ ಐದು ಸುತ್ತುಗಳು ಲೆಕ್ಕಕ್ಕೇ ಸಿಗದೆ ಹೋಗುತ್ತಿದ್ದವು. ಬಿಡುವಾಗಿದ್ದಾಗ ಮಾತ್ರ ಸಂಖ್ಯೆ ಸರಿಯಾಗಿರುತ್ತಿತ್ತು. ಅಳೆಯುವ ಅಗತ್ಯ ಬೀಳುವುದು ಯಂತ್ರ ದುಡಿಯುತ್ತಿರುವಾಗಲೇ ಎಂಬುದು ಇಲ್ಲಿನ ವ್ಯಂಗ್ಯ.

ಇನ್ನೊಂದು ಸೂಕ್ಷ್ಮ ತಪ್ಪು 64 ಬಿಟ್ ಕೌಂಟರನ್ನು ಎರಡು 32 ಬಿಟ್ ತುಂಡುಗಳಾಗಿ ಓದುವಾಗ ಆಗುವಂಥದ್ದು. ಕೆಳಗಿನ ತುಂಡನ್ನು ಓದಿ ಮೇಲಿನದನ್ನು ಓದುವಷ್ಟರಲ್ಲಿ ಕೆಳಗಿನದು ತುಂಬಿ ಮೇಲಿನದು ಒಂದು ಏರಿದ್ದರೆ, ಬರುವ ಉತ್ತರದಲ್ಲಿ 400 ಕೋಟಿಗೂ ಹೆಚ್ಚಿನ ವ್ಯತ್ಯಾಸವಿರುತ್ತದೆ. ಮೇಲಿನ ತುಂಡು, ಕೆಳಗಿನ ತುಂಡು, ಮತ್ತೆ ಮೇಲಿನ ತುಂಡು ಎಂಬ ಕ್ರಮದಲ್ಲಿ ಓದಿ, ಮೇಲಿನದು ಬದಲಾಗಿದ್ದರೆ ಪುನಃ ಓದುವುದು ಇದಕ್ಕೆ ಪರಿಹಾರ. ಕೋಟಿಗೊಮ್ಮೆ ಆಗುವ ಈ ತಪ್ಪನ್ನು ಪರೀಕ್ಷೆಯಿಂದ ಹಿಡಿಯುವುದು ಕಷ್ಟ, ಓದಿ ಹಿಡಿಯುವುದು ಸುಲಭ.

ಇಂಟರಪ್ಟ್, ಕೋರ್‌ಗಳ ಹೋಗುಬರುವಿಕೆ ಮತ್ತು ಡ್ರೈವರಿನ ನಿರ್ಗಮನ

ಎಕ್ಸ್86 ಪ್ರೊಸೆಸರ್‌ಗಳಲ್ಲಿ ಕೌಂಟರ್ ತುಂಬಿದ ಸುದ್ದಿಯು ತಡೆಯಲಾಗದ ಇಂಟರಪ್ಟ್ ಆಗಿ ಬರುತ್ತದೆ. ಕರ್ನಲ್ ಯಾವುದೇ ಕೆಲಸದ ನಡುವೆ, ಯಾವುದೇ ಬೀಗ ಹಿಡಿದುಕೊಂಡಿರುವಾಗ ಅದು ಬರಬಹುದು. ಆಗ ಓಡುವ ಕೋಡ್ ಅದೇ ಬೀಗಕ್ಕಾಗಿ ಕಾಯತೊಡಗಿದರೆ ಯಂತ್ರ ಅಲ್ಲಿಯೇ ನಿಂತುಹೋಗುತ್ತದೆ. ಆದುದರಿಂದ ಈ ಹಾದಿಯಲ್ಲಿ ಬರುವ ಪ್ರತಿಯೊಂದು ಸಾಲನ್ನೂ, ಅದು ಕರೆಯುವ ಪ್ರತಿಯೊಂದು ಕಾರ್ಯವನ್ನೂ ಬೆನ್ನುಹತ್ತಿ ಓದಬೇಕಾಗುತ್ತದೆ.

ಅನ್‌ಕೋರ್ ಕೌಂಟರ್‌ಗಳು ಯಾವ ಕೋರ್‌ಗೂ ಸೇರಿಲ್ಲವಾದರೂ ಪರ್ಫ್‌ನ ಲೆಕ್ಕದಲ್ಲಿ ಒಂದು ಕೋರ್ ಅವುಗಳ ಉಸ್ತುವಾರಿ ವಹಿಸುತ್ತದೆ. ಲಿನಕ್ಸ್‌ನಲ್ಲಿ ಓಡುತ್ತಿರುವ ಯಂತ್ರದ ಕೋರ್‌ಗಳನ್ನು ಆರಿಸಬಹುದು, ಹೊತ್ತಿಸಬಹುದು. ಉಸ್ತುವಾರಿ ಕೋರ್ ಆರಿದಾಗ ನಡೆಯುತ್ತಿರುವ ಎಣಿಕೆಗಳನ್ನು ಮತ್ತೊಂದು ಕೋರ್‌ಗೆ ವರ್ಗಾಯಿಸಬೇಕು. ಅವುಗಳ ಜೊತೆಗೆ ಇಂಟರಪ್ಟಿನ ವಿಳಾಸವನ್ನೂ ಬದಲಾಯಿಸಬೇಕು. ಎಣಿಕೆಗಳನ್ನು ವರ್ಗಾಯಿಸಿ ಇಂಟರಪ್ಟನ್ನು ಮರೆಯುವುದು ಪರಿಶೀಲನೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುವ ಲೋಪ.

ಡ್ರೈವರನ್ನು ಪರ್ಫ್‌ನಲ್ಲಿ ನೋಂದಾಯಿಸುವ ಸಾಲು ಆರಂಭದ ಎಲ್ಲ ಸಿದ್ಧತೆಗಳ ನಂತರವೇ ಬರಬೇಕು, ಏಕೆಂದರೆ ನೋಂದಣಿಯಾದ ಮರುಕ್ಷಣವೇ ಬಳಕೆದಾರನ ಕೋರಿಕೆ ಬರಬಹುದು. ಎಣಿಕೆ ನಡೆಯುತ್ತಿರುವಾಗಲೇ ಡ್ರೈವರನ್ನು ಕಿತ್ತರೆ ಕರ್ನಲ್ ಇಲ್ಲದ ಕೋಡನ್ನು ಕರೆಯಲು ಹೋಗಿ ಕುಸಿಯುತ್ತದೆ. ಮಾಡ್ಯೂಲ್‌ನ ಒಡೆತನವನ್ನು ಸೂಚಿಸುವ ಒಂದು ಸಾಲು, ಕೈಯಿಂದ ಬೇರ್ಪಡಿಸುವುದನ್ನು ತಡೆಯುವ ಇನ್ನೊಂದು ಸಾಲು ಇದನ್ನು ತಪ್ಪಿಸುತ್ತವೆ. ಇವೆರಡೂ ಇವೆಯೇ ಎಂದು ನೋಡುವುದು ಅಭ್ಯಾಸಬಲದ ಕೆಲಸ.

2013ರ ಭದ್ರತಾ ದೋಷ

ಕೋರಿಕೆಯಲ್ಲಿ ಬರುವ 64 ಬಿಟ್‌ಗಳ ಸಂಖ್ಯೆಯನ್ನು ಸಾಮಾನ್ಯ ಬಳಕೆದಾರನೇ ಬರೆದಿರುತ್ತಾನೆ. ಅದನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸಿವಿಇ-2013-2094 ಎಂಬ ಕ್ರಮಾಂಕದ ದೋಷವು ಪ್ರಸಿದ್ಧ ನಿದರ್ಶನ.

ಪರ್ಫ್ ಯಂತ್ರಾಂಶದ ಘಟನೆಗಳಲ್ಲದೆ ಕರ್ನಲ್ ತಾನೇ ಎಣಿಸುವ ಕೆಲವು ತಂತ್ರಾಂಶ ಘಟನೆಗಳನ್ನೂ ಒದಗಿಸುತ್ತದೆ. ಅವುಗಳ ಕೋರಿಕೆಯನ್ನು ಪರೀಕ್ಷಿಸುವ ಕೋಡ್, ಬಳಕೆದಾರನ 64 ಬಿಟ್ ಸಂಖ್ಯೆಯನ್ನು ಧನ ಮತ್ತು ಋಣ ಎರಡೂ ಬೆಲೆಗಳಿರುವ 32 ಬಿಟ್ ಚರದಲ್ಲಿ ಇಟ್ಟುಕೊಂಡು, ಅದು ನಿಗದಿತ ಮಿತಿಗಿಂತ ಹೆಚ್ಚಿದೆಯೇ ಎಂದಷ್ಟೇ ನೋಡುತ್ತಿತ್ತು. ಸೊನ್ನೆಗಿಂತ ಕಡಿಮೆಯೇ ಎಂದು ನೋಡುತ್ತಿರಲಿಲ್ಲ. ಮೇಲಿನ ಬಿಟ್ ಹೊತ್ತಿರುವ ಸಂಖ್ಯೆಯನ್ನು ಕೊಟ್ಟರೆ ಆ ಚರದಲ್ಲಿ ಅದು ಋಣಸಂಖ್ಯೆಯಾಗುತ್ತಿತ್ತು. ಪರೀಕ್ಷೆ ದಾಟಿ ಒಂದು ಪಟ್ಟಿಯ ಸೂಚ್ಯಂಕವಾಗಿ ಬಳಕೆಯಾಗುತ್ತಿತ್ತು. ಹೀಗೆ ಪಟ್ಟಿಯ ಹಿಂದೆ ಇರುವ ಕರ್ನಲ್ ಮೆಮೊರಿಯ ಒಂದು ಸ್ಥಾನವನ್ನು ಆರಿಸಿ ಅಲ್ಲಿನ ಬೆಲೆಯನ್ನು ಒಂದು ಏರಿಸಲು ಬಳಕೆದಾರನಿಗೆ ಸಾಧ್ಯವಾಯಿತು. ಎಣಿಕೆಯನ್ನು ಮುಚ್ಚುವ ಕೋಡ್ ಅದೇ ಸಂಖ್ಯೆಯನ್ನು ಋಣವಿಲ್ಲದ 64 ಬಿಟ್ ಚರದಲ್ಲಿ ಓದುತ್ತಿತ್ತಾದ್ದರಿಂದ ಅದು ಇಳಿಸುತ್ತಿದ್ದುದು ಬೇರೆಯೇ ಸ್ಥಾನವನ್ನು. ಏರಿಸುವುದು ಒಂದು ಕಡೆ, ಇಳಿಸುವುದು ಇನ್ನೊಂದು ಕಡೆ. ಇಷ್ಟನ್ನು ಬಳಸಿಕೊಂಡು ಸಾಮಾನ್ಯ ಬಳಕೆದಾರನು ಯಂತ್ರದ ಸಂಪೂರ್ಣ ಅಧಿಕಾರವನ್ನು ವಶಪಡಿಸಿಕೊಳ್ಳಬಹುದಿತ್ತು.

ಈ ಕೋಡ್ 2011ರ ಜನವರಿಯಲ್ಲಿ ಬಿಡುಗಡೆಯಾದ 2.6.37 ಆವೃತ್ತಿಯಲ್ಲಿ ಬಂದಿತ್ತು. ‘ಟ್ರಿನಿಟಿ’ ಎಂಬ ಉಪಕರಣವು ಸಿಸ್ಟಂ ಕರೆಗಳಿಗೆ ಅಡ್ಡಾದಿಡ್ಡಿ ಬೆಲೆಗಳನ್ನು ಕೊಟ್ಟು ಪರೀಕ್ಷಿಸುತ್ತಿದ್ದಾಗ ದೋಷ ಹೊರಬಿದ್ದು, 2013ರ ಏಪ್ರಿಲ್‌ನಲ್ಲಿ ತಿದ್ದುಪಡಿಯಾಯಿತು. ತಿದ್ದುಪಡಿಯ ಸಾರ ಒಂದು ಚರದ ಪ್ರಕಾರವನ್ನು 64 ಬಿಟ್‌ಗೆ ಬದಲಾಯಿಸಿದ್ದು ಮಾತ್ರ. ಅದು ಭದ್ರತೆಯ ವಿಷಯವೆಂದು ಆಗ ಗುರುತಿಸಿರಲಿಲ್ಲ. ಮೇ ತಿಂಗಳಲ್ಲಿ ದೋಷವನ್ನು ದುರ್ಬಳಕೆ ಮಾಡುವ ಪ್ರೋಗ್ರಾಂ ಬಹಿರಂಗವಾದಾಗಲೇ ಅದರ ಗಂಭೀರತೆ ಗೊತ್ತಾದದ್ದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಇನ್ನೂ ಹಳೆಯ 2.6.32 ಕರ್ನಲನ್ನು ಆಧರಿಸಿತ್ತು. ಆದರೆ ಹೊಸ ಕೋಡನ್ನು ಹಿಂದಕ್ಕೆ ತಂದು ಸೇರಿಸಿಕೊಂಡಿದ್ದುದರಿಂದ ದೋಷವೂ ಜೊತೆಯಲ್ಲೇ ಬಂದಿತ್ತು.

ಎರಡು ವರ್ಷಕ್ಕೂ ಮಿಕ್ಕಿ ಆ ಸಾಲು ಎಲ್ಲರ ಕಣ್ಣೆದುರೇ ಇತ್ತು. ತೆರೆದ ಕೋಡಿನಲ್ಲಿ ದೋಷಗಳು ತಾವಾಗಿ ಬಯಲಾಗುತ್ತವೆ ಎಂಬ ನಂಬಿಕೆಗೆ ಇದು ಅಷ್ಟೇನೂ ಬೆಂಬಲ ಕೊಡುವುದಿಲ್ಲ. ಬಳಕೆದಾರನ ಸಂರಚನಾ ಸಂಖ್ಯೆಯನ್ನು ಡ್ರೈವರ್ ಯಾವ ಪ್ರಕಾರದ ಚರದಲ್ಲಿ ಇಡುತ್ತದೆ, ಗೊತ್ತಿಲ್ಲದ ಬಿಟ್‌ಗಳನ್ನು ಅಳಿಸದೆ ನೇರವಾಗಿ ನಿಯಂತ್ರಣ ರಿಜಿಸ್ಟರ್‌ಗೆ ಬರೆಯುತ್ತದೆಯೇ, ಮಿತಿಯ ಪರೀಕ್ಷೆ ಎರಡೂ ತುದಿಗಳಲ್ಲಿದೆಯೇ ಎಂಬ ಪ್ರಶ್ನೆಗಳನ್ನು ಪರಿಶೀಲಕರು ಪ್ರತಿಯೊಂದು ಹೊಸ ಡ್ರೈವರಿಗೂ ಕೇಳಬೇಕಾಗುತ್ತದೆ. 2018ರಲ್ಲಿ ಸ್ಪೆಕ್ಟರ್ ದೋಷಗಳು ಬೆಳಕಿಗೆ ಬಂದ ಮೇಲೆ ಮಿತಿಯ ಪರೀಕ್ಷೆ ಇದ್ದರೂ ಸಾಲದೆಂದು ತಿಳಿಯಿತು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಪ್ರೊಸೆಸರ್ ಊಹೆಯಿಂದ ಮುಂದೆ ಓಡುವಾಗಲೂ ಸೂಚ್ಯಂಕವು ಮಿತಿಯೊಳಗಿರುವಂತೆ ಪರ್ಫ್‌ನ ಹಲವು ಪಟ್ಟಿಗಳಿಗೆ ರಕ್ಷಣೆ ಅಳವಡಿಸಲಾಯಿತು.

ಯಾರು ಎಣಿಸಬಹುದು

ಸರಿಯಾದ ಎಣಿಕೆಯೂ ಅಪಾಯಕಾರಿಯಾಗಬಲ್ಲದು. 2020ರ ನವೆಂಬರ್‌ನಲ್ಲಿ ಪ್ರಕಟವಾದ ‘ಪ್ಲಾಟಿಪಸ್’ ಎಂಬ ದಾಳಿಯಲ್ಲಿ ಸಂಶೋಧಕರು ಇಂಟೆಲ್ ಪ್ರೊಸೆಸರ್‌ನ ವಿದ್ಯುತ್ ಬಳಕೆಯ ಕೌಂಟರನ್ನು ಮತ್ತೆ ಮತ್ತೆ ಓದಿ, ಆ ಏರಿಳಿತಗಳಿಂದಲೇ ರಹಸ್ಯ ಕೀಲಿಗಳನ್ನು ಊಹಿಸಬಹುದೆಂದು ತೋರಿಸಿದರು. ಈ ಕೌಂಟರ್‌ಗೆ ಲಿನಕ್ಸ್‌ನಲ್ಲಿ ಎರಡು ಬಾಗಿಲುಗಳಿದ್ದವು. ಪರ್ಫ್‌ನ ಮೂಲಕ ಓದಲು ಇಡೀ ಯಂತ್ರವನ್ನು ಅಳೆಯುವ ಅನುಮತಿ ಬೇಕಿತ್ತು, ಸಾಮಾನ್ಯ ಬಳಕೆದಾರನಿಗೆ ಅದು ಸಹಜವಾಗಿ ಇರುತ್ತಿರಲಿಲ್ಲ. ವಿದ್ಯುತ್ ನಿರ್ವಹಣೆಯ ಇನ್ನೊಂದು ಡ್ರೈವರ್ ಮಾತ್ರ ಅದೇ ಬೆಲೆಯನ್ನು ಎಲ್ಲರೂ ಓದಬಹುದಾದ ಕಡತವಾಗಿ ತೆರೆದಿಟ್ಟಿತ್ತು. ಪರಿಹಾರವಾಗಿ ಆ ಕಡತದ ಓದುವ ಅನುಮತಿಯನ್ನು ಆಡಳಿತಾಧಿಕಾರಿಗೆ ಸೀಮಿತಗೊಳಿಸಲಾಯಿತು. ಎಎಂಡಿ ಪ್ರೊಸೆಸರ್‌ಗಳ ವಿದ್ಯುತ್ ಲೆಕ್ಕಕ್ಕೆಂದು 5.8 ಆವೃತ್ತಿಯಲ್ಲಿ ಸೇರಿದ್ದ ಒಂದು ಪ್ರತ್ಯೇಕ ಡ್ರೈವರ್‌ಗೂ ಇದೇ ನಿರ್ಬಂಧ ಬಂದು, 5.13ರ ಹೊತ್ತಿಗೆ ಆ ಡ್ರೈವರನ್ನೇ ತೆಗೆದುಹಾಕಲಾಯಿತು.

ಪರ್ಫ್‌ನಲ್ಲಿ ಅನುಮತಿಯ ಮಟ್ಟವನ್ನು ‘ಪರ್ಫ್ ಈವೆಂಟ್ ಪ್ಯಾರನಾಯ್ಡ್’ ಎಂಬ ಸಂಯೋಜನೆ ನಿರ್ಧರಿಸುತ್ತದೆ. ಅದರ ಪೂರ್ವನಿಗದಿತ ಬೆಲೆಯನ್ನು 2016ರ 4.6 ಆವೃತ್ತಿಯಲ್ಲಿ 1ರಿಂದ 2ಕ್ಕೆ ಏರಿಸಿದ್ದರಿಂದ ಸಾಮಾನ್ಯ ಬಳಕೆದಾರರು ಕರ್ನಲ್‌ನ ಒಳಗಿನ ಘಟನೆಗಳನ್ನು ಅಳೆಯುವುದು ನಿಂತಿತು. ಅಳತೆಗಾಗಿ ಸಂಪೂರ್ಣ ಅಧಿಕಾರ ಕೊಡಬೇಕಾದ ಇಕ್ಕಟ್ಟನ್ನು ತಪ್ಪಿಸಲು 2020ರ 5.8 ಆವೃತ್ತಿಯಲ್ಲಿ ಮಾಪನಕ್ಕೆ ಸೀಮಿತವಾದ ಪ್ರತ್ಯೇಕ ಅನುಮತಿಯನ್ನು ಸೃಷ್ಟಿಸಲಾಯಿತು.

ಯಂತ್ರಾಂಶವೇ ತಪ್ಪಿದಾಗ

ಡ್ರೈವರ್ ಸರಿಯಿದ್ದು ಯಂತ್ರಾಂಶವೇ ತಪ್ಪೆಣಿಸಬಹುದು. ಇಂಟೆಲ್‌ನ ಸ್ಯಾಂಡಿ ಬ್ರಿಜ್, ಐವಿ ಬ್ರಿಜ್ ಮತ್ತು ಹ್ಯಾಸ್‌ವೆಲ್ ಪೀಳಿಗೆಗಳಲ್ಲಿ ಒಂದು ಕೋರ್‌ನ ಎರಡು ಎಳೆಗಳು ಒಟ್ಟಿಗೆ ಓಡುವಾಗ, ಒಂದು ಎಳೆಯಲ್ಲಿ ಮೆಮೊರಿಗೆ ಸಂಬಂಧಿಸಿದ ಕೆಲವು ಘಟನೆಗಳನ್ನು ಎಣಿಸಿದರೆ ಪಕ್ಕದ ಎಳೆಯ ಅದೇ ಸ್ಥಾನದ ಕೌಂಟರ್ ಕೆಡುತ್ತಿತ್ತು. ಪಕ್ಕದ ಎಳೆಯಲ್ಲಿ ಏನನ್ನೋ ಅಳೆಯುತ್ತಿದ್ದ ಮತ್ತೊಬ್ಬ ಬಳಕೆದಾರನಿಗೆ ತನ್ನ ಸಂಖ್ಯೆ ಕೆಟ್ಟದ್ದು ತಿಳಿಯುವ ದಾರಿಯಿರಲಿಲ್ಲ. 2015ರ 4.1 ಆವೃತ್ತಿಯಲ್ಲಿ, ಅಂತಹ ಘಟನೆಯೊಂದು ಬಳಸುತ್ತಿರುವ ಕೌಂಟರ್‌ಗೆ ಜೋಡಿಯಾದ ಕೌಂಟರನ್ನು ಪಕ್ಕದ ಎಳೆಗೆ ಕೊಡದಿರುವಂತೆ ಹಂಚಿಕೆಯ ಕೋಡನ್ನು ಬದಲಾಯಿಸಲಾಯಿತು. ಒಂದು ಕೋರ್‌ನೊಳಗೆ ಮುಗಿಯಬೇಕಾಗಿದ್ದ ಹಂಚಿಕೆ ಎರಡು ಎಳೆಗಳ ನಡುವಿನ ಒಪ್ಪಂದವಾಗಿ ಕೋಡ್ ಸಾಕಷ್ಟು ಜಟಿಲವಾಯಿತು.

ಪರಿಶೀಲಕನ ಇತಿಮಿತಿ

ಹೊಸ ಡ್ರೈವರನ್ನು ಓದುವವನ ಬಳಿ ಹೆಚ್ಚಿನ ವೇಳೆ ಆ ಯಂತ್ರಾಂಶ ಇರುವುದಿಲ್ಲ. ಚಿಪ್ ಇನ್ನೂ ಮಾರುಕಟ್ಟೆಗೆ ಬಂದಿರುವುದಿಲ್ಲ. ಕೈಪಿಡಿಯೂ ಹಲವು ಸಲ ಸಾರ್ವಜನಿಕವಲ್ಲ. ಪೆಂಟಿಯಂ ಕಾಲದ ಪರಿಸ್ಥಿತಿ ಬೇರೆ ರೂಪದಲ್ಲಿ ಮುಂದುವರಿದಿದೆ. ರಿಜಿಸ್ಟರ್‌ನ ವಿಳಾಸ ಸರಿಯೇ, ಘಟನೆಯ ಸಂಕೇತ ಸರಿಯೇ ಎಂದು ಹೇಳಲು ಅವನಿಂದಾಗದು. ಅವನಿಗೆ ಸಾಧ್ಯವಿರುವುದು ಪರ್ಫ್‌ನ ನಿಯಮಗಳಿಗೆ ಡ್ರೈವರ್ ಬದ್ಧವಾಗಿದೆಯೇ ಎಂದು ನೋಡುವುದು ಹಾಗೂ ಬರೆದವನಿಂದ ಉತ್ತರ ಹೊರಡಿಸುವುದು. ಕೌಂಟರ್ ಎಷ್ಟು ಬಿಟ್? ನಿಲ್ಲಿಸಲು ಬರುತ್ತದೆಯೇ, ಸದಾ ಓಡುತ್ತಿರುತ್ತದೆಯೇ? ತುಂಬಿದಾಗ ಏನಾಗುತ್ತದೆ? ಇಂಟರಪ್ಟನ್ನು ಬೇರೆ ಸಾಧನದೊಂದಿಗೆ ಹಂಚಿಕೊಂಡಿದೆಯೇ? ಇವುಗಳ ಉತ್ತರ ಕೋಡಿನ ಟಿಪ್ಪಣಿಯಲ್ಲಿಯೋ ಪ್ಯಾಚ್‌ನ ವಿವರಣೆಯಲ್ಲಿಯೋ ಬರದಿದ್ದರೆ ಡ್ರೈವರ್ ಹಿಂದಿರುಗುತ್ತದೆ. ಆರ್ಮ್ ಬಳಗದ ಡ್ರೈವರ್‌ಗಳನ್ನು ಬಹುಕಾಲ ನೋಡಿಕೊಂಡಿರುವ ವಿಲ್ ಡೀಕನ್ ಮತ್ತು ಮಾರ್ಕ್ ರಟ್‌ಲೆಂಡ್ ಅವರಂತಹ ನಿರ್ವಾಹಕರ ಮುಂದೆ ಒಂದು ಡ್ರೈವರ್ ಹಲವಾರು ಆವೃತ್ತಿಗಳನ್ನು ಕಾಣುವುದು ಅಪರೂಪವಲ್ಲ.

ಪರಿಶೀಲನೆ ಮುಗಿಸಿದವನು ಪ್ಯಾಚ್‌ನ ಕೊನೆಯಲ್ಲಿ ತನ್ನ ಹೆಸರಿನೊಂದಿಗೆ ‘ಪರಿಶೀಲಿಸಿದವರು’ ಎಂಬ ಅರ್ಥದ ಸಾಲೊಂದನ್ನು ಸೇರಿಸಲು ಅನುಮತಿ ಕೊಡುತ್ತಾನೆ. ತಾನು ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಎತ್ತಿದ ಆಕ್ಷೇಪಗಳಿಗೆ ಸಮಾಧಾನಕರ ಉತ್ತರ ದೊರೆತಿದೆ ಎಂಬುದು ಅದರ ಅರ್ಥ. ಕೋಡ್ ದೋಷರಹಿತವೆಂಬ ಖಾತರಿ ಅಲ್ಲ ಎಂದು ಕರ್ನಲ್‌ನ ದಾಖಲೆಗಳೇ ಹೇಳುತ್ತವೆ.

ಬಳಕೆದಾರನಿಗೆ ಕಾಣುವ ಹೆಸರುಗಳ ಮೇಲೆ ಪರಿಶೀಲಕರು ಹಿಡಿಯುವ ಹಟ ಹೊಸಬರಿಗೆ ಅತಿಯೆನಿಸುತ್ತದೆ. ಆದರೆ ಅದಕ್ಕೆ ಕಾರಣವಿದೆ. ಡ್ರೈವರ್ ತನ್ನ ಘಟನೆಗಳ ಹೆಸರು, ಸಂರಚನಾ ಸಂಖ್ಯೆಯ ಯಾವ ಬಿಟ್‌ಗಳಿಗೆ ಯಾವ ಅರ್ಥ, ಉಸ್ತುವಾರಿ ಕೋರ್ ಯಾವುದು ಎಂಬುದನ್ನೆಲ್ಲ ಕಡತಗಳ ರೂಪದಲ್ಲಿ ಪ್ರಕಟಿಸುತ್ತದೆ. ಒಮ್ಮೆ ಬಿಡುಗಡೆಯಾದ ಮೇಲೆ ಅವುಗಳನ್ನು ನೆಚ್ಚಿಕೊಂಡ ಪ್ರೋಗ್ರಾಂಗಳು ಹುಟ್ಟಿಕೊಳ್ಳುತ್ತವೆ. ಬಳಕೆದಾರರ ಪ್ರೋಗ್ರಾಂಗಳನ್ನು ಮುರಿಯಬಾರದೆಂಬುದು ಲಿನಕ್ಸ್‌ನ ಹಳೆಯ ಕಟ್ಟಳೆ. ಒಳಗಿನ ಕೋಡನ್ನು ನಾಳೆ ತಿದ್ದಬಹುದು, ಹೆಸರಿನ ಕಾಗುಣಿತದ ತಪ್ಪನ್ನು ತಿದ್ದಲಾಗದು.

ಪರೀಕ್ಷೆಗಳು

ಓದುವಿಕೆಗೆ ಪೂರಕವಾಗಿ ಕೆಲವು ಪ್ರಯೋಗಗಳನ್ನು ಡ್ರೈವರ್ ಬರೆದವರಿಂದ ನಿರೀಕ್ಷಿಸಲಾಗುತ್ತದೆ. ಎಷ್ಟು ಸೂಚನೆಗಳೆಂದು ಮೊದಲೇ ಗೊತ್ತಿರುವ ಒಂದು ಆವರ್ತನೆಯನ್ನು ಓಡಿಸಿ ಎಣಿಕೆಯನ್ನು ಹೋಲಿಸುವುದು ಅತ್ಯಂತ ಸರಳವಾದದ್ದು. ಗೊತ್ತಿರುವಷ್ಟು ಮೆಮೊರಿಯನ್ನು ನಕಲು ಮಾಡಿ ನಿಯಂತ್ರಕದ ಎಣಿಕೆಯನ್ನು ನೋಡುವುದು ಅನ್‌ಕೋರ್ ಡ್ರೈವರ್‌ಗಳಿಗೆ ಒಗ್ಗುತ್ತದೆ. ಇರುವುದಕ್ಕಿಂತ ಹೆಚ್ಚು ಕೌಂಟರ್‌ಗಳ ಗುಂಪನ್ನು ಕೇಳಿ ನಿರಾಕರಣೆ ಬರುವುದೇ ಎಂದು ನೋಡುವುದು, ಎಣಿಕೆ ನಡೆದಿರುವಾಗಲೇ ಉಸ್ತುವಾರಿ ಕೋರನ್ನು ಆರಿಸುವುದು, ಮಾಡ್ಯೂಲನ್ನು ಕೀಳಲು ಯತ್ನಿಸುವುದು, ಕೌಂಟರ್ ಕನಿಷ್ಠ ಎರಡು ಸುತ್ತು ಹಾಕುವಷ್ಟು ಹೊತ್ತು ಅಳೆಯುವುದು ಇತರ ಕ್ರಮಗಳು.

ಇವುಗಳಲ್ಲದೆ, ಅಮೆರಿಕದ ಮೇನ್ ವಿಶ್ವವಿದ್ಯಾಲಯದ ವಿನ್ಸ್ ವೀವರ್ ಅವರು ‘ಪರ್ಫ್ ಫಝರ್’ ಎಂಬ ಪರೀಕ್ಷಾ ಪ್ರೋಗ್ರಾಂ ರಚಿಸಿದ್ದಾರೆ. ಟ್ರಿನಿಟಿ ಎಲ್ಲ ಸಿಸ್ಟಂ ಕರೆಗಳನ್ನೂ ಕೆಣಕಿದರೆ, ಇದು ಪರ್ಫ್‌ನ ಒಂದೇ ಕರೆಯನ್ನು ಅದರ ಒಳರಚನೆ ಬಲ್ಲವರಂತೆ ಕೆಣಕುತ್ತದೆ: ಅರ್ಧ ಸರಿಯಾದ ಕೋರಿಕೆಗಳು, ವಿಚಿತ್ರ ಗುಂಪುಗಳು, ತೆರೆಯುತ್ತಿರುವಾಗಲೇ ಮುಚ್ಚುವುದು. ಇದರಿಂದ ಕರ್ನಲ್ ಕುಸಿತಗಳು ಹಲವು ಪತ್ತೆಯಾಗಿವೆ. ತಪ್ಪು ಎಣಿಕೆಯನ್ನು ಮಾತ್ರ ಇದು ಪತ್ತೆ ಮಾಡಲಾರದು, ಏಕೆಂದರೆ ಸರಿಯಾದ ಸಂಖ್ಯೆ ಎಷ್ಟೆಂದು ಇದಕ್ಕೂ ಗೊತ್ತಿರುವುದಿಲ್ಲ.